ನೀಲಿ ಬಾಗಿಲಿನ ವಿಳಾಸ

ಡೆಲ್ಫೀನಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅಟ್ಲಾಂಟಾದ ಹೊರವಲಯದಲ್ಲಿ ವೃದ್ಧಾಶ್ರಮವೊಂದರ ಲಾಂಡ್ರಿಯಲ್ಲಿ ದುಡಿದು ಮಗಳನ್ನು ಸಾಕುತ್ತಿದ್ದವಳು. ಮಾಲೀಕ ಬಾಡಿಗೆ ಏರಿಸಿ ಮನೆ ಬಿಡಿಸಿದ ಮೇಲೆ ಹೆದ್ದಾರಿ ಪಕ್ಕದ, ವಾರದ ಬಾಡಿಗೆಯ ಮೋಟೆಲಿಗೆ ಬಂದಳು. ಒಂದೇ ಕೋಣೆ, ಅಡುಗೆ ಮೈಕ್ರೊವೇವ್‌ನಲ್ಲಿ, ಮಗಳು ನೈಲಾಳ ಓದು ಹಾಸಿಗೆಯ ಮೇಲೆ. ಮೋಟೆಲ್ ವಾಸ ಶಾಲೆಗೆ ಗೊತ್ತಾದರೆ ಮಕ್ಕಳ ಇಲಾಖೆಯವರು ಮಗಳನ್ನೇ ಎತ್ತಿಕೊಂಡು ಹೋಗುತ್ತಾರೆ ಎಂದು ಅಕ್ಕಪಕ್ಕದವಳೊಬ್ಬಳು ಕಿವಿಯಲ್ಲಿ ಊದಿದ್ದಳು. ಆ ಪುಣ್ಯಾತ್ಮಳಿಗೆ ಬೇರೆ ಕೆಲಸವಿರಲಿಲ್ಲವೇನೋ! ಅಂದಿನಿಂದ ಡೆಲ್ಫೀನ್ ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು.

"ಮನೆ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ?"

"ಹಿಕರಿ ಬೀದಿ, ನೀಲಿ ಬಾಗ್ಲು," ಎಂದು ಏಳು ವರ್ಷದ ನೈಲಾ ಬಿಟ್ಟುಬಂದ ಮನೆಯ ವಿಳಾಸವನ್ನೇ ಗಿಣಿಪಾಠ ಒಪ್ಪಿಸುತ್ತಿದ್ದಳು.

ಬೆಳಗ್ಗೆ ಶಾಲೆಯ ಹಳದಿ ಬಸ್ಸು ಮೋಟೆಲಿನ ಮುಂದೆ ನಿಂತಾಗ ಡೆಲ್ಫೀನ್ ಬಸ್ಸಿನವರ ಕಣ್ಣಿಗೆ ಬೀಳದಂತೆ ಮಗಳನ್ನು ಕಾರಿನ ಸೀಟಿನಲ್ಲಿ ಬಗ್ಗಿಸಿ ಕೂರಿಸಿ ದಾಟಿಸಿ, ತಾನೇ ಶಾಲೆಗೆ ಬಿಟ್ಟುಬರುತ್ತಿದ್ದಳು. ಮಗು ತರಗತಿಯಲ್ಲಿ ತೂಕಡಿಸುತ್ತದೆ, ರಕ್ತ ಬರುವ ಹಾಗೆ ಉಗುರು ಕಚ್ಚುತ್ತದೆ ಎಂದು ಟೀಚರ್ ದೂರಿದಾಗ, "ರಾತ್ರಿಯೆಲ್ಲ ಟೀವಿ ನೋಡ್ತಾಳೆ ಮ್ಯಾಮ್" ಎಂದು ಅದಕ್ಕೂ ಒಂದು ಸುಳ್ಳು ಸೇರಿಸಿದಳು. ಪಕ್ಕದ ಕೋಣೆಯ ಜಗಳ ಗೋಡೆ ದಾಟಿ ಬರುತ್ತದೆಂದು ಹೇಳುವುದಾದರೂ ಹೇಗೆ?

ಜನವರಿಯಲ್ಲೊಂದು ದಿನ ಹಿಮ ಬೀಳುತ್ತದೆಂದು ಶಾಲೆ ಮಧ್ಯಾಹ್ನವೇ ಮುಚ್ಚಿತು. ಹಿಮ ಅಪರೂಪವಾದ ಆ ಜಾರ್ಜಿಯಾ ರಾಜ್ಯದವರಿಗೆ ಹಿಡಿಯಷ್ಟು ಬಿದ್ದರೂ ಕೈಕಾಲು ಆಡುವುದಿಲ್ಲ. ಲಾಂಡ್ರಿ ಯಂತ್ರಗಳ ಸದ್ದಿನಲ್ಲಿ ಡೆಲ್ಫೀನಳಿಗೆ ಫೋನು ಕೇಳಿಸಲಿಲ್ಲ. ಶಾಲೆಯವರು ತಮ್ಮಲ್ಲಿದ್ದ ವಿಳಾಸಕ್ಕೆ ನೈಲಾಳನ್ನು ಬಸ್ಸು ಹತ್ತಿಸಿ ಕಳಿಸಿದರು.

ವಿಷಯ ತಿಳಿದು ಡೆಲ್ಫೀನ್ ಎದ್ದುಬಿದ್ದು ಹಳೆಯ ಮನೆಗೆ ಓಡಿದಾಗ ಸಂಜೆಯಾಗಿತ್ತು. ಮೆಟ್ಟಿಲ ಮೇಲೆ ಮಗಳು ಯಾರದೋ ಕಂಬಳಿ ಹೊದ್ದು ಕೂತಿದ್ದಳು, ತುಟಿ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಈಗ ಆ ಮನೆಯಲ್ಲಿರುವ ಮುದುಕಿ.

"ಒಳಗ್ ಬಾ ಅಂದ್ರೆ ಬರ್ಲಿಲ್ಲ ಕಣಮ್ಮಾ. ನಿನ್ ಮನೆ ಎಲ್ಲೇ ಅಂದ್ರೆ ಇದೇ ಅಂತ ಒಂದೇ ಹಟ. ಬೀಗದ ಕೈ ಮಮ್ಮ ತರ್ತಾಳಂತೆ!"

"ನಾನ್ ಹೇಳ್ಲಿಲ್ಲ ಮಮ್ಮಾ, ಒಂದ್ಸಲಾನೂ ಹೇಳ್ಲಿಲ್ಲ," ಎಂದಳು ನೈಲಾ, ಗಡಗಡ ನಡುಗುತ್ತ. ಶಹಬ್ಬಾಸ್ ಎನ್ನಿಸಿಕೊಳ್ಳುವ ಆಸೆ ಆ ಮುಖದಲ್ಲಿ. ಡೆಲ್ಫೀನ್ ಅವಳನ್ನು ಕಂಬಳಿ ಸಮೇತ ಬಾಚಿ ಎತ್ತಿಕೊಂಡಳು.

ಶಾಲೆ ಮತ್ತೆ ತೆರೆದ ದಿನ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. ಕಚೇರಿಯ ಮಿಸ್ ಒಪಾಲ್ ಹಣೆ ಚಚ್ಚಿಕೊಂಡಳು.

"ಅಯ್ಯೋ ತಾಯಿ, ಮನೆ ಇಲ್ಲ ಅಂತ ಮಗೂನ ಯಾರ್ ಕಿತ್ಕೊತಾರೆ? ಆ ಮೋಟೆಲ್ ಮುಂದೆ ಬಸ್ ನಿಲ್ಸೋದೇ ನಿನ್ ಮಗಳಂಥೋರಿಗೆ!"

ಮಾರನೆಯ ಬೆಳಗ್ಗೆ ನೈಲಾ ಮೋಟೆಲಿನ ಮುಂದೆಯೇ ಬಸ್ಸು ಹತ್ತಿದಳು. "ಸಂಜೆ ಎಲ್ಲಿ ಇಳಿಸ್ಲಿ, ರಾಣಿ?" ಎಂದ ಡ್ರೈವರ್.

ಮಗು ಹಿಂತಿರುಗಿ ತಾಯಿಯ ಮುಖ ನೋಡಿತು.

"ಹೇಳ್ಲಾ ಮಮ್ಮಾ? ಹೇಳಿದ್ರೂ ಸಂಜೆ ನಾನು ನಿನ್ ಜೊತೇಲೇ ಇರ್ತೀನಿ ತಾನೆ?"