ರೇಡಿಯೋ ಅತ್ತೆ ಮತ್ತು ಮುಖ ನೋಡದ ಮರಿ

ನನ್ನ ಸೋದರತ್ತೆಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ರೇಡಿಯೋ. ಬೆಳಗ್ಗೆ ಬಾಗಿಲು ತೆಗೆಯುವಾಗ ಶುರುವಾದರೆ ದೀಪ ಆರಿಸುವವರೆಗೂ ನಿಲ್ಲದು. ಅರಳು ಹುರಿದ ಹಾಗೆ ಮಾತು. ಅಂಥವಳಿಗೆ ಸಿಕ್ಕ ಕೆಲಸ ನೋಡಿ: ಕೆಲಸದ ಹೊತ್ತಿನಲ್ಲಿ ಸೊಲ್ಲೆತ್ತುವ ಹಾಗಿಲ್ಲ. ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೆ ಅಂತ ಕಾಣುತ್ತದೆ.

ನಮ್ಮ ಊರಿನ ಆಚೆ ದೊಡ್ಡ ಜೌಗು ನೆಲವಿದೆ. ನೀರು, ಜೊಂಡು, ಕೆಸರು, ಹಕ್ಕಿಗಳು. ಅದನ್ನು ಸಂರಕ್ಷಿತ ಪ್ರದೇಶವೆಂದು ಸಾರಿ ಬೇಲಿ ಹಾಕಿದ್ದಾರೆ. ಅಂಚಿನಲ್ಲೇ ಸಂಶೋಧನಾ ಕೇಂದ್ರ. ಒಂದು ಕಾಲಕ್ಕೆ ಅಲ್ಲಿ ಸಾರಸಗಳು ಹಿಂಡುಗಟ್ಟಿ ಇಳಿಯುತ್ತಿದ್ದವಂತೆ, ಈಗ ಬೆರಳೆಣಿಕೆಯಷ್ಟು. ಅದಕ್ಕೇ ನಾಯಿ ನರಿಗಳ ಪಾಲಾಗಲಿದ್ದ ಮೊಟ್ಟೆಗಳನ್ನು ಕೇಂದ್ರಕ್ಕೆ ತಂದು, ಕಾವು ಕೊಟ್ಟು, ಮರಿ ಬೆಳೆಸಿ, ಮತ್ತೆ ಜೌಗಿಗೆ ಬಿಡುತ್ತಾರೆ. ಬೆಳೆಸುವ ಕೆಲಸ ಅತ್ತೆಯದು.

ಮರಿಗೆ ಮಾತ್ರ ಮನುಷ್ಯರ ಮುಖ ಕಾಣಬಾರದು, ದನಿ ಕೇಳಿಸಬಾರದು. ಯಾರನ್ನು ನೋಡುತ್ತಾ ಬೆಳೆಯುತ್ತದೋ ಅವರನ್ನೇ ತನ್ನ ಕುಲ ಎಂದುಕೊಂಡುಬಿಡುತ್ತದೆ. ಹಾಗಾಗಿ ಮರಿಯಿರುವ ಆವರಣದೊಳಗೆ ಹೋಗುವಾಗ ಅತ್ತೆಯ ಮೈತುಂಬ ಬೂದುಬಣ್ಣದ ನಿಲುವಂಗಿ, ಮುಖಕ್ಕೆ ಜಾಲರಿ, ಬಲಗೈಗೆ ಸಾರಸದ ತಲೆಯಂಥ ಕೈಗೊಂಬೆ. ಆ ಗೊಂಬೆಯ ಕೊಕ್ಕಿನಲ್ಲೇ ಮೀನು ಹಿಡಿದು ತಿನ್ನಿಸಬೇಕು. ನಾನು ಟೈಲರ್, ನಿಲುವಂಗಿ ಹೊಲಿದವಳು ನಾನೇ. "ಹೆಣಕ್ಕೆ ಅಳತೆ ತಗೊಂಡು ಹೊಲಿದ ಹಾಗಿದೆಯಲ್ಲೇ" ಎಂದು ಅತ್ತೆ ಮೊದಲ ದಿನವೇ ಹೊಗಳಿದ್ದಳು.

ಬಸ್ಸು ರಿಪೇರಿ ಮಾಡುವ ಮಾವ ಗೊಣಗುತ್ತಿದ್ದರು, "ಅಲ್ಲಿ ಉಳಿಸಿದ ಮಾತನ್ನೆಲ್ಲ ತಂದು ಇಲ್ಲಿ ಸುರೀತಾಳೆ." ಊಟಕ್ಕೆ ಕೂತರೆ ಅತ್ತೆಯ ಬಲಗೈ ತಾನಾಗಿಯೇ ಕೊಕ್ಕಿನ ಹಾಗೆ ಮಡಿಚಿಕೊಂಡು, ಮೀನಿನ ತುಂಡನ್ನು ಮಾವನ ಮೂಗಿನ ಮುಂದೆ ಆಡಿಸುತ್ತಿತ್ತು.

"ಲೇ, ನಾನು ನಿನ್ನ ಗಂಡ ಕಣೇ, ಮರಿಯಲ್ಲ!"

"ಮರಿ ಆಗಿದ್ರೆ ಇಷ್ಟೊತ್ತಿಗೆ ತಿಂದು ಮುಗಿಸಿರೋದು, ಬಿಡಿ."

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಹಿಂದಿನ ವರ್ಷದ ಮರಿಯನ್ನು ಕೇಂದ್ರದ ನಿರ್ದೇಶಕರು ಬಂದವರಿಗೆಲ್ಲ ತೋರಿಸಿದ್ದರು. ಪತ್ರಿಕೆಯವರು, ಅಧಿಕಾರಿಗಳ ಮನೆಯವರು, ಎತ್ತಿಕೊಂಡವರೆಷ್ಟೋ, ಮುದ್ದು ಮಾಡಿದವರೆಷ್ಟೋ. ಜೌಗಿಗೆ ಬಿಟ್ಟ ಮೇಲೆ ಅದು ತನ್ನ ಹಿಂಡಿನ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಬಸ್ ನಿಲ್ದಾಣಕ್ಕೆ ಬಂತು. ಜನರ ನಡುವೆ ನಿಂತು, ಕತ್ತು ಚಾಚಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿತ್ತು. ಜನ ಬ್ರೆಡ್ಡು ಹಾಕಿದರು, ಫೋಟೋ ತೆಗೆದರು. ಒಂದು ದಿನ ಲಾರಿಯೊಳಗಿದ್ದ ಚಾಲಕನ ಮುಖ ನೋಡಲು ಹೋಗಿ ಚಕ್ರಕ್ಕೆ ಸಿಕ್ಕಿತು. ಅದನ್ನು ಎದೆಗವಚಿಕೊಂಡು ತಂದವಳು ಅತ್ತೆ. ನಮ್ಮ ಮನೆಯಲ್ಲಿ ರೇಡಿಯೋ ನಿಂತದ್ದು ಅವತ್ತೊಂದೇ ದಿನ. ಆಮೇಲೆ ಆವರಣಕ್ಕೆ ಹೋಗುವ ದಾರಿಯಲ್ಲಿ ಬೋರ್ಡು ಬಂತು: ಮುಖ ಮುಚ್ಚದವರಿಗೆ ಪ್ರವೇಶವಿಲ್ಲ, ಒಳಗೆ ಮಾತಾಡಬಾರದು. ಕೆಳಗೆ ನಿರ್ದೇಶಕರದೇ ಸಹಿ.

ಈ ವರ್ಷ ಬದುಕಿದ್ದು ಒಂದೇ ಮರಿ, ಹೆಣ್ಣು. ಅತ್ತೆ ಅದಕ್ಕೆ ಹೆಸರನ್ನೂ ಇಡಲಿಲ್ಲ. "ಹೆಸರಿಟ್ರೆ ಕರೀಬೇಕು ಅನ್ಸುತ್ತೆ" ಎಂದಳು.

ಮರಿಯನ್ನು ಬಿಡುವ ದಿನ ಹತ್ತಿರವಿದ್ದಾಗ ನಿರ್ದೇಶಕರು ಅತ್ತೆಯನ್ನೂ ಕೇಂದ್ರದ ಪಶುವೈದ್ಯೆಯನ್ನೂ ಕರೆಸಿದರು. ಹೊಸ ಕಟ್ಟಡದ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಮರಿಯನ್ನು ಎತ್ತಿಕೊಂಡು ಅವರದೊಂದು ಫೋಟೋ ಆಗಬೇಕು ಎಂದರು.

"ಆಗಲ್ಲ ಸಾರ್" ಎಂದಳು ಅತ್ತೆ.

"ಒಂದು ಸಲಕ್ಕೆ ಏನೂ ಆಗಲ್ಲಮ್ಮ."

"ಹೋದ ವರ್ಷ ಪ್ರತಿ ಸಲಾನೂ ಒಂದೇ ಒಂದು ಸಲಾನೇ ಆಗಿತ್ತು."

ಪಶುವೈದ್ಯೆಯೂ ಬಿಟ್ಟುಕೊಡಲಿಲ್ಲ. "ಅವರು ಹೇಳ್ತಿರೋದು ಸರಿ ಸಾರ್. ಈಗ ಕೆಡಿಸಿದ್ರೆ ಸರಿಮಾಡೋಕೆ ಟೈಮಿಲ್ಲ."

ನಿರ್ದೇಶಕರು ಕೆಟ್ಟವರೇನಲ್ಲ, ಮೇಲಿನವರ ಮುಂದೆ ಬೆನ್ನು ನೆಟ್ಟಗೆ ನಿಲ್ಲದ ಮನುಷ್ಯ, ಅಷ್ಟೇ. "ನನ್ನ ಕಷ್ಟ ನಿಮಗೆ ಅರ್ಥ ಆಗಲ್ಲ. ಅವತ್ತು ಹೇಳಿದ್ದು ಮಾಡದಿದ್ರೆ ಮಾರನೇ ದಿನದಿಂದ ಆ ಆವರಣದಲ್ಲಿ ನಿಮಗೆ ಕೆಲಸ ಇರಲ್ಲಮ್ಮ" ಎಂದುಬಿಟ್ಟರು.

ಮನೆಯಲ್ಲಿ ನಾನೇ ಬುದ್ಧಿ ಹೇಳಲು ಹೋದೆ. "ಹಠ ಬೇಡ ಅತ್ತೆ. ಆ ಮರೀನ ಬಿಟ್ಟು ಇರ್ತೀಯಾ ನೀನು?"

"ನಾನು ಇರೋದು ಬಿಡೋದು ಆಮೇಲೆ. ಅದು ಇರಬೇಕಲ್ಲ!" ಎಂದವಳು ನನ್ನ ಹೊಲಿಗೆ ಯಂತ್ರದ ಮೇಲೆ ಬೂದುಬಟ್ಟೆ ಎಸೆದಳು. "ಇನ್ನೊಂದು ನಿಲುವಂಗಿ ಹೊಲಿ. ಹೊಟ್ಟೆ ಹತ್ರ ಸಡಿಲ ಇರ್ಲಿ, ಮಂತ್ರಿಗಳ ಅಳತೆ." ನಾನು ತಲೆ ಚಚ್ಚಿಕೊಂಡೆ. ಆದರೂ ಹೊಲಿದೆ, ಒಂದು ಜೇಬನ್ನೂ ಇಟ್ಟೆ.

ಉದ್ಘಾಟನೆಯ ದಿನ ಆ ನಿಲುವಂಗಿ ಹಿಡಿದು ನಾನು ಬೋರ್ಡಿನ ಪಕ್ಕದಲ್ಲೇ ನಿಂತಿದ್ದೆ. ಬೋರ್ಡಿದ್ದದ್ದು ಆವರಣದಿಂದ ಸಾಕಷ್ಟು ದೂರ, ಮರಿಗೆ ದನಿ ಕೇಳದಷ್ಟು. ಮಂತ್ರಿಗಳು ಬಂದರು, ಹಿಂದೆ ಕ್ಯಾಮೆರಾದವರ ದಂಡು. ಅತ್ತೆ ಆವರಣದಿಂದ ಹೊರಬಂದು ಬಾಗಿಲಿಗೆ ಬೀಗ ಹಾಕಿ, ನಮ್ಮ ಹತ್ತಿರ ನಡೆದುಬಂದು, ಆಮೇಲೇ ಜಾಲರಿ ಎತ್ತಿದಳು. ನನ್ನ ಕೈಯಿಂದ ನಿಲುವಂಗಿ ಕಸಿದುಕೊಂಡು ಮಂತ್ರಿಗಳಿಗೇ ಚಾಚಿದಳು.

"ಇದನ್ನ ಹಾಕ್ಕೊಳ್ಳಿ ಸಾರ್. ಕೈಗೆ ಗೊಂಬೆ, ಬಾಯಿಗೆ ಬೀಗ. ಮೀನು ನಾನು ಕೊಡ್ತೀನಿ, ನೀವೇ ತಿನ್ನಿಸಿ. ಫೋಟೋದವರು ಇಲ್ಲಿಂದಾನೇ ತೆಗೀಲಿ."

ಮಂತ್ರಿಗಳು ಜಾಲರಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರಲ್ಲಿ ನನ್ನ ಮುಖ ಕಾಣಲ್ವಲ್ಲಮ್ಮ?"

"ಕಾಣಬಾರದು ಅಂತಾನೇ ಸಾರ್ ಹೊಲಿಸಿರೋದು."

ಕ್ಯಾಮೆರಾದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಿರ್ದೇಶಕರ ಮುಖ ಬಿಳಿಚಿತು. "ಕೀಲಿ ಕೊಡಮ್ಮ" ಎಂದು ಕೈಚಾಚಿದರು. ಅತ್ತೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬೋರ್ಡಿನ ಕಡೆ ಕೈ ತೋರಿಸಿದಳು, ಆ ಕೈಯಲ್ಲಿನ್ನೂ ಸಾರಸದ ತಲೆ ಇತ್ತು.

"ಸಹಿ ನಿಮ್ದೇ ಅಲ್ವಾ ಸಾರ್? ಅಳಿಸಿಬಿಡಿ. ಇವರೆಲ್ಲರ ಮುಂದೆ ಅಳಿಸಿ, ಆಮೇಲೆ ಕೀಲಿ ಕೊಡ್ತೀನಿ."

ಕ್ಯಾಮೆರಾಗಳೆಲ್ಲ ನಿರ್ದೇಶಕರ ಕಡೆ ತಿರುಗಿದವು. ಅವರು ಬೋರ್ಡು ನೋಡಿದರು, ತಮ್ಮ ಬೂಟು ನೋಡಿದರು, ಅಳಿಸಲಿಲ್ಲ. ಮಂತ್ರಿಗಳು ನಿಲುವಂಗಿಯನ್ನು ನನ್ನ ತೋಳಿನ ಮೇಲೆ ಹಾಕಿ ಹೊರಟುಹೋದರು. ಇವಳು ನಮ್ಮತ್ತೆ ಎಂದು ಕೂಗಿ ಹೇಳಬೇಕು ಅನ್ನಿಸುತ್ತಿತ್ತು ನನಗೆ.

ಶಿಕ್ಷೆ ಮರುದಿನವೇ ಬಂತು. ಅತ್ತೆಯನ್ನು ಪ್ರವಾಸಿಗರ ಟಿಕೆಟ್ ಕೌಂಟರಿಗೆ ಹಾಕಿದರು. "ನನ್ನ ಬಾಯಿಗೆ ತಕ್ಕ ಕೆಲಸ ಈಗ ಸಿಕ್ತು ನೋಡು" ಎಂದು ನಕ್ಕಳು. ಸಂಜೆ ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಳು, ಬಲಗೈ ಕೊಕ್ಕಿನ ಹಾಗೆ ಮಡಿಚಿಕೊಂಡಿತ್ತು.

"ಬರುವಾಗ ಅದಕ್ಕೆ ಒಂದು ಮಾತೂ ಹೇಳದೆ ಬಂದೆ ಕಣೇ."

"ಹೇಳೋ ಹಾಗೇ ಇರ್ಲಿಲ್ವಲ್ಲ ಅತ್ತೆ."

"ಅದಕ್ಕೇ ಹೊಟ್ಟೆ ಉರಿಯೋದು" ಎಂದು ಅತ್ತುಬಿಟ್ಟಳು.

ಮಂತ್ರಿಗಳು ಬಿಟ್ಟುಹೋದ ಆ ನಿಲುವಂಗಿ ತೊಟ್ಟು, ಕಾಲಿಗೆ ಹಳದಿ ಉಂಗುರ ಹಾಕಿ ಮರಿಯನ್ನು ಜೌಗಿಗೆ ಬಿಟ್ಟವಳು ಪಶುವೈದ್ಯೆ. ಕೌಂಟರಿನಲ್ಲಿ ಅತ್ತೆ ಟಿಕೆಟ್ಟಿನ ಜೊತೆಗೆ ಉಪದೇಶವನ್ನೂ ಹರಿದು ಕೊಡತೊಡಗಿದಳು. ಹಕ್ಕಿಗೆ ಬ್ರೆಡ್ಡು ಹಾಕಿದರೆ ಅವಳ ಬಾಯಿಂದ ಪಾರಾಗಿ ಹೋಗುವುದು ಯಾರಿಗೂ ಸಾಧ್ಯವಿರಲಿಲ್ಲ. ದೂರುಗಳು ಹೋದವು. ನಿರ್ದೇಶಕರು ಯಾಕೋ ಅವಕ್ಕೆ ಸೊಪ್ಪು ಹಾಕಲಿಲ್ಲ.

ಅದಾಗಿ ಎಷ್ಟೋ ತಿಂಗಳ ಮೇಲೆ, ಒಂದು ರಜೆಯ ಮಧ್ಯಾಹ್ನ, ಅತ್ತೆ ಮತ್ತು ನಾನು ಜೌಗಿನ ಏರಿಯ ಮೇಲೆ ಬುತ್ತಿ ಬಿಚ್ಚಿ ಕೂತಿದ್ದೆವು. ಜೊಂಡಿನ ಆಚೆ ಸಾರಸಗಳು ಮೇಯುತ್ತಿದ್ದವು. ಅವುಗಳಲ್ಲೊಂದರ ಕಾಲಿನಲ್ಲಿ ಹಳದಿ ಉಂಗುರ. ಅತ್ತೆಯ ಮಾತು ಅರ್ಧಕ್ಕೇ ನಿಂತಿತು.

ಹಕ್ಕಿ ತಲೆಯೆತ್ತಿ ನಮ್ಮ ಕಡೆ ನೋಡಿತು. ಕತ್ತು ಚಾಚಿತು. ಹಿಂಡು ಬಿಟ್ಟು ನಮ್ಮತ್ತ ಹೆಜ್ಜೆ ಇಟ್ಟಿತು. ನನಗೆ ಬಸ್ ನಿಲ್ದಾಣದ ಆ ಇನ್ನೊಂದು ಮರಿ ನೆನಪಾಯಿತು. ಅತ್ತೆಯ ಕಣ್ಣು ತುಂಬಿತ್ತು, ಬಲಗೈ ಮಡಿಚಿಕೊಳ್ಳುತ್ತಿತ್ತು. ಆ ಕೈಯನ್ನೇ ಬಿಡಿಸಿ, ಬುತ್ತಿಯ ಮುಚ್ಚಳ ಎತ್ತಿ ಡಬ್ಬಿಗೆ ಢಣಢಣ ಬಡಿಯುತ್ತ ಎದ್ದು ನಿಂತಳು.

"ಹೋಗೇ ಹಾಳಾದವಳೇ! ಇಲ್ಲೇನಿದೆ ನಿಂಗೆ? ಹೋಗೇ!"

ಅವಳು ಆ ಮರಿಗೆ ಆಡಿದ ಮೊದಲ ಮಾತು ಅದು. ಹಕ್ಕಿ ಬೆಚ್ಚಿ ರೆಕ್ಕೆ ಬಿಚ್ಚಿತು. ಇಡೀ ಹಿಂಡು ಅದರ ಜೊತೆಗೇ ಎದ್ದು ನೀರಿನ ಆಚೆ ದಡಕ್ಕೆ ಹಾರಿತು.

ಅತ್ತೆ ಮುಚ್ಚಳ ಹಿಡಿದೇ ನಿಂತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ರೇಡಿಯೋ ಅದೊಂದೇ ಸುದ್ದಿ ಹೇಳಿತು: "ನನ್ನ ಮರಿ ನನ್ನ ಕಂಡು ಹೆದರಿ ಓಡ್ತು ಕಣ್ರೀ!"