ನಿಮ್ಮವ್ವಂಗೆ ಯೋಳು

ಹುಚ್ಚೆಳ್ಳು ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಯಾರದೋ ಮಾತನ್ನು ಯಾರಿಗೋ ಮುಟ್ಟಿಸಬೇಕು ಅನ್ನಿಸುತ್ತದೆ. ಪಾಂಡವಪುರದ ನನ್ನ ಮನೆಯಲ್ಲಿ, ಗ್ಯಾಸಿನ ಒಲೆಯ ಮೇಲೆ ಕಾಳು ಚಿಟಪಟ ಅನ್ನುವಾಗ, ನಾನು ಸಂತೆಬಾಚಹಳ್ಳಿ ಪಕ್ಕದ ನಮ್ಮೂರಿನ ಹೆಂಚಿನ ಮನೆಯಲ್ಲಿರುತ್ತೇನೆ, ಲಂಗ ಎತ್ತಿ ಕಟ್ಟಿಕೊಂಡು ಅಡುಗೆಮನೆಗೂ ನಡುಮನೆಗೂ ಓಡಾಡುತ್ತಾ. ಆ ಹುಚ್ಚೆಳ್ಳು ನಮ್ಮ ಹೊಲದ್ದಲ್ಲ. ಅವ್ವನ ತವರು ಬಿಂಡಿಗನವಿಲೆಯಿಂದ ಸೋದರಮಾವ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ತರುತ್ತಿದ್ದ ಗಂಟಿನದು. ಅದನ್ನು ಬಿಚ್ಚುವಾಗ ಅವ್ವನ ಮುಖವನ್ನು ನೀವು ನೋಡಬೇಕಿತ್ತು.

ನಮ್ಮ ಅಪ್ಪ ಅವ್ವ ಜಗಳವಾಡಿದವರಲ್ಲ; ಆದರೆ ನಮ್ಮೆದುರು ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದವರೂ ಅಲ್ಲ. ಹಿರಿಯರ ಮುಂದೆ ಗಂಡಹೆಂಡಿರು ಮಾತಾಡುವುದು ಮರ್ಯಾದೆಯಲ್ಲ ಎನ್ನುವ ಕಾಲದಲ್ಲಿ ಅವರ ಸಂಸಾರ ಶುರುವಾಗಿತ್ತು. ಅಜ್ಜಿ ತೀರಿಕೊಂಡ ಮೇಲೂ ಆ ರೂಢಿ ಹೋಗಲಿಲ್ಲ. ಎರಡು ಮಾರು ದೂರದಲ್ಲಿ ಕೂತೇ ಅಪ್ಪ, "ನಿಮ್ಮವ್ವಂಗೆ ಯೋಳು, ಎಮ್ಮೆಗೆ ಬೂಸ ಕಲಸ್ಲಿ" ಎನ್ನುತ್ತಿದ್ದರು. "ನಿಮ್ಮಪ್ಪಂಗೆ ಯೋಳು, ಆಗ್ಲೇ ಕಲಸಾಯ್ತು" ಎಂದು ಅವ್ವ. ನಡುವೆ ನಾನು. ತಮ್ಮನಿಗೆ ಈ ಕೆಲಸ ಒಪ್ಪಿಸಿದರೆ, "ಕೇಳಿಸ್ತಲ್ಲವ್ವ!" ಎಂದು ಕಿರುಚಿ ಗೋಲಿ ಆಡಲು ಓಡುತ್ತಿದ್ದ.

ಊಟದ ಹೊತ್ತಿಗೆ ಅವ್ವ ರೊಟ್ಟಿ ತಟ್ಟುತ್ತಾ ಕಿವಿಯನ್ನು ನಡುಮನೆಯ ಕಡೆಗೇ ಇಟ್ಟಿರುತ್ತಿದ್ದಳು. ತವರಿನ ಹುಚ್ಚೆಳ್ಳಿನ ಚಟ್ನಿಗೆ ಒಂದು ಒಳ್ಳೆಯ ಮಾತು ಬರಲಿ ಎಂಬ ಆಸೆ ಅವಳಿಗೆ. ಅಪ್ಪನೋ ತಟ್ಟೆ ತೊಳೆದಿಟ್ಟ ಹಾಗೆ ತಿಂದು, "ಇನ್ನೊಂದ್ ರೊಟ್ಟಿ" ಅನ್ನುವರು, ಅಷ್ಟೇ. ತಡೆಯಲಾರದೆ ಒಂದು ದಿನ ನಾನೇ ಸೇರಿಸಿದೆ. "ಅವ್ವ, ಚಟ್ನಿ ಬಲೇ ಚೆನ್ನಾಗದೆ ಅಂದ್ರು ಅಪ್ಪ." ಅವ್ವ "ಸುಳ್ಳು ಬೊಗುಳ್ಬೇಡ ಕಣೇ" ಎಂದು ಗದರಿದಳು, ನನ್ನ ರೊಟ್ಟಿಯ ಮೇಲೆ ಮಾತ್ರ ಅವತ್ತು ದೊಡ್ಡ ಬೆಣ್ಣೆಯುಂಡೆ ಬಿತ್ತು. ನಡುಮನೆಗೆ ಎಲ್ಲ ಕೇಳಿಸುತ್ತಿತ್ತು. ಅಪ್ಪ ಒಮ್ಮೆ ಕೆಮ್ಮಿದರು, ಅಲ್ಲ ಅನ್ನಲಿಲ್ಲ. ಮದುವೆಯಾಗಿ ಹೋಗುವವರೆಗೂ ನಾನು ಆ ಸುಳ್ಳನ್ನು ಹೇಳುತ್ತಲೇ ಇದ್ದೆ.

ಅವ್ವ ಹಾಸಿಗೆ ಹಿಡಿದಾಗ ಒಂದು ಬೆಳಗ್ಗೆ ಅವಳ ತಲೆ ಬಾಚುತ್ತಿದ್ದೆ. "ನೀನ್ ಸೇರಿಸ್ತಿದ್ದುದ್ದು ಗೊತ್ತಿತ್ತು ಕಣವ್ವ. ಒಂದ್ಸಲನಾರ ಅವರ ಬಾಯಿಂದ್ಲೇ ಬರ್ಬೇಕಿತ್ತು" ಎಂದಳು. ಎದ್ದು ಹೋಗಿ ಅಪ್ಪನಿಗೆ ಹೇಳಬಹುದಿತ್ತು. ಎರಡು ಹೆಜ್ಜೆಯ ದಾರಿ. ಅಷ್ಟು ವರ್ಷ ಮಾತು ಮುಟ್ಟಿಸಿದವಳು ಅದೊಂದನ್ನು ಮುಟ್ಟಿಸಲಿಲ್ಲ. ಗುಣವಾಗುತ್ತಾಳೆ, ಆಮೇಲೆ ಹೇಳಿದರಾಯಿತು ಅಂದುಕೊಂಡಿದ್ದೆ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಅವ್ವ ಹೋದ ಮೇಲೆ ತಮ್ಮ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದ. ಅಪ್ಪನಿಗೆ ಮರೆವು ಹತ್ತಿತು. ಹೋದ ಸುಗ್ಗಿಯಲ್ಲಿ ಊರಿಗೆ ಹೋದವಳು ಹುಚ್ಚೆಳ್ಳು ಹುರಿದು ಚಟ್ನಿ ಮಾಡಿ ಬಡಿಸಿದೆ. ಅಪ್ಪ ನಿಧಾನವಾಗಿ ತಿಂದರು, ಬೆರಳು ಚೀಪಿದರು. ಆಮೇಲೆ ನನ್ನ ಕಡೆ ತಿರುಗಿ, "ಮಗಾ, ನಿಮ್ಮವ್ವಂಗೆ ಯೋಳು, ಚಟ್ನಿ ಬಲೇ ಚೆನ್ನಾಗದೆ" ಎಂದರು. ರೊಟ್ಟಿ ಮುರಿಯುತ್ತಿದ್ದ ತಮ್ಮನ ಕೈ ಅಲ್ಲೇ ನಿಂತಿತು.

"ಯೋಳ್ತೀನಿ ಕಣಪ್ಪ" ಎಂದು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ, ತೊಳೆಯದ ಮಿಕ್ಸಿ ಜಾರು ಮಾತ್ರ ಇತ್ತು. "ಅವ್ವ, ಚಟ್ನಿ ಬಲೇ ಚೆನ್ನಾಗದೆ ಅಂದ್ರು ಅಪ್ಪ" ಎಂದು, ಅಪ್ಪನಿಗೂ ಕೇಳಿಸುವ ಹಾಗೆ, ಗಟ್ಟಿಯಾಗಿಯೇ ಹೇಳಿದೆ. ಈ ಸಲ ನಾನೇನೂ ಸೇರಿಸಿರಲಿಲ್ಲ.