ನಾನೇ ಬರೆದುಕೊಟ್ಟ ಅರ್ಜಿ

"ಎಸ್ಸೆಸ್ಸೆಲ್ಸಿ? ಅದು ಆಗಲಾರದ ಮಾತವ್ವ" ಅಂದವರು ನಮ್ಮೂರ ಹೈಸ್ಕೂಲಿನ ಹೆಡ್‌ಮಾಸ್ತರರು. ಆಮೇಲೆ ಬಹಳ ಜನ ಅಂದರು. ಮೊದಲು ಅಂದವರು ಅವರು, ಅದನ್ನು ನಂಬಿ ಕೈಯಾರೆ ಬರೆದುಕೊಟ್ಟವಳು ನಾನು.

ನನ್ನ ತಂಗಿಗೆ ಹುಟ್ಟಿದಾಗಿನಿಂದ ಕೈಕಾಲು ಬಿಗಿ. ಪೆನ್ನು ಹಿಡಿಯಲು ಬರುವುದಿಲ್ಲ. ಮಾತು ಎಳೆದೆಳೆದು ಬರುತ್ತದೆ. ಬುದ್ಧಿ ಮಾತ್ರ ನನಗಿಂತ ಚುರುಕು. ಎಂಟನೆಯ ತರಗತಿ ಮುಗಿಯುವವರೆಗೆ ಅವ್ವ ದಿನಾ ಅವಳನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟು, ಅಲ್ಲಿಂದ ನಾಟಿ ಕೆಲಸಕ್ಕೆ ಹೋಗುತ್ತಿದ್ದಳು. ಒಂಬತ್ತಕ್ಕೆ ಬಂದ ವಾರವೇ ಹೆಡ್‌ಮಾಸ್ತರರು ಕರೆಸಿದರು. "ಹೆಸರು ಸಾಲ್ಯಾಗ ಇರಲಿ, ಹುಡುಗಿ ಮನ್ಯಾಗ ಇರಲಿ. ನಮ್ಮ ಇಚ್ಛಾದಿಂದ ಮನ್ಯಾಗ ಇಟ್ಕೊಂತೀವಿ ಅಂತ ಒಂದು ಅರ್ಜಿ ಕೊಡ್ರಿ."

ಅವ್ವನದು ಹೆಬ್ಬೆಟ್ಟು. ನಾನು ಗಂಗಾವತಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮ ವಂಶದಲ್ಲೇ ಅರ್ಜಿ ಬರೆಯಬಲ್ಲವಳು ನಾನೊಬ್ಬಳೇ. 'ಮಾನ್ಯರೇ', 'ವಿಷಯ' ಎಲ್ಲ ಹಾಕಿ, ಅಡಿಗೆರೆ ಎಳೆದು ಬರೆದೆ.

"ಅಕ್ಷರ ಮುತ್ತಿನಂಗ ಅದಾವ" ಅಂದರು ಹೆಡ್‌ಮಾಸ್ತರರು. ನಾನು ಉಬ್ಬಿಹೋದೆ. ತಂಗಿಯನ್ನು ಒಂದು ಮಾತು ಕೇಳಲಿಲ್ಲ. ಮೂರು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅಂದಳು: "ಅ...ಕ್ಕ, ನಿನ್ನ ಅಕ್ಷರ ಭಾಳ ಛಲೋ ಅದಾವಂತಲ್ಲ."

ಪದವಿ ಮುಗಿಸಿ ಬಂದ ಮೇಲೆ ನನಗೆ ಬುದ್ಧಿ ಬಂತು. ಬೇರೆ ಶಾಲೆ ಹುಡುಕಲು ಹೊರಟೆ. ಗಂಗಾವತಿಯ ಶಾಲೆಯೊಂದರ ಪ್ರಿನ್ಸಿಪಾಲರು ಗೋಡೆಯ ಮೇಲಿನ ಫಲಿತಾಂಶದ ಬೋರ್ಡು ತೋರಿಸಿದರು: "ಇದು ಕೆಳಗ ಇಳದ್ರ ಜವಾಬು ಯಾರು ಕೊಡ್ತಾರ?" ಕುಷ್ಟಗಿಯವರು, "ಇಂಥವರಿಗೆ ಬ್ಯಾರೆ ಸಾಲಿ ಅದಾವಲ್ಲ" ಅಂದರು. ಕೊಪ್ಪಳದ ಶಾಲೆಯ ಸಾಹೇಬರು ಎರಡು ಸಲ ಹೋದಾಗಲೂ ಮೀಟಿಂಗಿನಲ್ಲಿದ್ದರು. ಯಲಬುರ್ಗಾದ ಮೇಡಂ ಚಹಾ ಕೊಟ್ಟರು. "ಇಂಥವರನ್ನ ಸೇರಿಸ್ಕೋಬೇಕನ್ನೂ ಕಾಯ್ದೆ ನನಗೂ ಗೊತ್ತೈತವ್ವ. ಇಡೀ ಸಾಲಿಗೆ ಒಂದ ಸಂಡಾಸ, ಅದಕ್ಕ ನಾಕು ಮೆಟ್ಟಲ. ಅಕಿನ್ನ ಯಾರು ಎತ್ತಬೇಕು, ನಾನ?" ಅವರ ಮೇಲೆ ಸಿಟ್ಟು ಮಾಡಲೂ ನನ್ನಿಂದ ಆಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಳುತ್ತ ಕೂತಿದ್ದೆ. ಪಕ್ಕದ ಹೆಂಗಸು ಕೇಳಿದಳು: "ಯಾರು ತೀರ‍್ಕೊಂಡ್ರವ್ವ?"

ಅಷ್ಟರಲ್ಲಿ ಪರೀಕ್ಷೆಯ ಫಾರ್ಮು ತುಂಬುವ ಕಾಲ ಬಂತು. ಅದು ತಪ್ಪಿದರೆ ತಂಗಿಯ ಓದು ಅಲ್ಲಿಗೇ ಮುಗಿದಂತೆ. ಅವ್ವನ ಬೆನ್ನು ಆಗಲೇ ಬಾಗಿತ್ತು, ಇನ್ನೊಂದು ವರ್ಷ ಅವಳನ್ನು ಎಲ್ಲಿಗೂ ಹೊರುವಂತಿರಲಿಲ್ಲ. ಮತ್ತೆ ನಮ್ಮೂರ ಹೆಡ್‌ಮಾಸ್ತರರ ಮುಂದೆಯೇ ನಿಂತೆ. ಅವರು ಫೈಲಿನಿಂದ ನನ್ನ ಅರ್ಜಿ ತೆಗೆದರು.

"ನೀನ ಬರದೀ ನೋಡವ್ವ. ಸಾಲಿಗೇ ಬರಲಾರದಾಕಿಗೆ ಹಾಜರಿ ಎಲ್ಲಿಂದ ತರ‍್ಲಿ? ಹಾಜರಿ ಇಲ್ಲದ ಫಾರ್ಮ್ ಹೋಗೂದಿಲ್ಲ."

ನನ್ನ ಮುತ್ತಿನಂಥ ಅಕ್ಷರವನ್ನು ನನಗೇ ನೋಡಲಾಗಲಿಲ್ಲ. ಏನೂ ತೋಚದೆ, "ಹಾಜರಿ ಪುಸ್ತಕ ತೋರಸ್ರಿ" ಅಂದೆ.

ಹೋದ ವರ್ಷದ್ದು, ಈ ವರ್ಷದ್ದು ಎರಡನ್ನೂ ಧೈರ್ಯದಿಂದಲೇ ತರಿಸಿದರು. ತಂಗಿಯ ಹೆಸರಿನ ಮುಂದೆ ಒಂದೇ ಒಂದು ಗೈರು ಇರಲಿಲ್ಲ. ಶಾಲೆ ಬಿಟ್ಟ ಮಗು ಅಂತಾದರೆ ಮೇಲಿನವರು ಕೇಳುತ್ತಾರೆಂದು ಕ್ಲಾಸ್ ಮಾಸ್ತರರು ದಿನಾ ಹಾಜರಿ ಹಾಕುತ್ತಲೇ ಬಂದಿದ್ದರು. ಪ್ರತಿ ತಿಂಗಳ ಕೆಳಗೆ ಹೆಡ್‌ಮಾಸ್ತರರು ನೋಡದೆಯೇ ಹಾಕಿದ ಸಹಿ.

"ಸರ್, ಅರ್ಜಿ ಖರೇನೋ, ಪುಸ್ತಕ ಖರೇನೋ?" ನಾನು ಕೇಳಿದೆ.

ಅವರು ಅರ್ಜಿಯನ್ನು ಮತ್ತೆ ಫೈಲಿಗೆ ಸೇರಿಸಿದರು. "ಫೇಲಾದ್ರ ಸಾಲಿ ರಿಸಲ್ಟ್ ಕೆಳಗ ಹೋಗ್ತೈತಿ, ಅದರ ಚಿಂತಿ ನಿನಗಿಲ್ಲ" ಅನ್ನುತ್ತ ಫಾರ್ಮು ತೆಗೆದರು.

ಅವಳನ್ನು ಶಾಲೆಗೆ ಮಾತ್ರ ಮರಳಿ ಕರೆಯಲಿಲ್ಲ. ಪರೀಕ್ಷೆಗೆ ಉಳಿದ ತಿಂಗಳುಗಳಲ್ಲಿ ನಾನು ಮನೆಯಲ್ಲಿ ಓದಿ ಹೇಳಿದೆ, ಅವಳು ಕೇಳಿ ನೆನಪಿಟ್ಟಳು. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆದಳು. ಎಲ್ಲರೂ ಹೊರಬಂದ ಮೇಲೂ ಆ ಕೋಣೆಯಲ್ಲಿ ಅವಳ ದನಿ ಎಳೆಯುತ್ತಲೇ ಇತ್ತು. ಗೇಟಿನಾಚೆ ನಿಂತು ಕೇಳಿಸಿಕೊಂಡೆ.

ಪಾಸಾದಳು. ಹೆಚ್ಚೇನಿಲ್ಲ, ಬರೀ ಪಾಸು. ಕಳೆದುಹೋದ ಎರಡು ವರ್ಷ ಅಂಕಪಟ್ಟಿಯಲ್ಲಿ ಕಾಣುತ್ತಿದ್ದವು.

ಮೂವರೂ ಶಾಲೆಗೆ ಹೋದಾಗ ಹೆಡ್‌ಮಾಸ್ತರರು ಅಂಕಪಟ್ಟಿಯನ್ನು ನನ್ನ ಕಡೆ ಚಾಚಿದರು. ನಾನು ಕೈ ಹಿಂದೆ ಕಟ್ಟಿಕೊಂಡೆ. ಅವರು ಬಗ್ಗಿ ತಂಗಿಯ ತೊಡೆಯ ಮೇಲೆ ಇಟ್ಟರು. "ಕಾಲೇಜಿಗೂ ಒಂದು ಅರ್ಜಿ ಬರೀಬೇಕಾಗ್ತೈತಿ" ಅಂದರು ಮೆಲ್ಲಗೆ.

ಅವ್ವ ನನ್ನ ಕಡೆ ತಿರುಗಿದಳು. "ಬರಿ. ಈ ಸಲ ಅಕಿ ಹೇಳಿದ್ದನ್ನ ಬರಿ."